ಹೊಸಿಲ ಮೇಲೆ ಕೆಂಪು ಮೊಟ್ಟೆ

ಚಿನ್ನು, ಪುಟ್ಟಿ, ಇದು ನಿಮ್ಮಿಬ್ಬರಿಗಾಗಿ ಬರೆದದ್ದು. ಮೊನ್ನೆ ಟಿ.ವಿ.ಯಲ್ಲಿ ಒಂದಿಷ್ಟು ಗಂಡಸರು ಹೆಂಗಸರು ಕೈ ಕೈ ಹಿಡಿದು, ಸಾಲಾಗಿ, ಪಕ್ಕಕ್ಕೆ ಹೆಜ್ಜೆ ಹಾಕುತ್ತಾ ಕುಣಿಯುತ್ತಿದ್ದರಲ್ಲ, ಆಗ ನಾನು ಹುರುಳಿಕಾಯಿ ಸೋಸುತ್ತಾ “ಇದು ಗ್ರೀಕರ ಹಬ್ಬದ ಕುಣಿತ, ನಾನೂ ಕುಣಿದಿದ್ದೀನಿ” ಎಂದೆ. ಚಿನ್ನು, ನೀನು ಕುಡಿಯುತ್ತಿದ್ದ ನೀರನ್ನು ಮೂಗಿನಿಂದ ತಂದುಕೊಂಡೆ. ಪುಟ್ಟಿ, ನೀನು “ಅಜ್ಜಿ, ಗ್ರೀಸಿಗೆ ಯಾವಾಗ ಹೋಗಿದ್ರಿ, ಎತ್ತಿನ ಗಾಡೀಲಾ?” ಎಂದು ಕೇಳಿದೆ.

ಉತ್ತರ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ನಿಮ್ಮ ಅಪ್ಪ ಅಮ್ಮನೂ ನನ್ನ ಕಡೆ ತಿರುಗಿದರು, ಮಾತು ನಿಂತುಹೋಯಿತು. ನಾಲ್ಕು ಜನ ಮುಖ ನೋಡಿದರೆ ನನಗೆ ಮೊದಲಿನಿಂದಲೂ ಹಾಗೆ. ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು ಎದ್ದು ನಿಂತು ಪದ್ಯ ಹೇಳು ಎಂದರೆ ಸುಮ್ಮನೆ ನಿಂತೇ ಇರುತ್ತಿದ್ದೆ. ಸ್ಲೇಟಿನ ಮೇಲೆ ಬರೆ ಎಂದರೆ ತಪ್ಪಿಲ್ಲದೆ ಬರೆಯುತ್ತಿದ್ದೆ. ಆದ್ದರಿಂದ ಇದನ್ನೂ ಬರೆಯುತ್ತೇನೆ.

ನಾನು ಗ್ರೀಸಿಗೆ ಹೋದವಳಲ್ಲ. ಬಂಗಾರಪೇಟೆಯಲ್ಲಿ ರೈಲು ಹತ್ತಿ ಚಾಂಪಿಯನ್ ರೀಫ್ಸಿಗೆ ಹೋದೆ, ಅಷ್ಟೆ. ಮದುವೆಯಾಗಿ ಬಂಗಾರಪೇಟೆ ಪಕ್ಕದ ಹಳ್ಳಿಗೆ ಬಂದು ಒಂದು ವರ್ಷವಾಗಿತ್ತು. ಚಾಂಪಿಯನ್ ರೀಫ್ಸಿನ ಚಿನ್ನದ ಗಣಿಗಳು ಆಗಿನ್ನೂ ಬಿಳೀ ದೊರೆಗಳ ಕೈಯಲ್ಲಿದ್ದವು. ನಮ್ಮ ಅಕ್ಕನ ಗಂಡ ಅಲ್ಲಿ ಸುರಂಗದೊಳಗೆ ಕೆಲಸಕ್ಕಿದ್ದರು; ಅಕ್ಕ ಒಬ್ಬ ದೊರೆಯ ಬಂಗಲೆಯಲ್ಲಿ ಮಗು ನೋಡಿಕೊಳ್ಳುವ ಆಯಾ. “ನಮ್ಮ ದೊರಸಾನಿ ಮನೇಲಿ ಹಬ್ಬ, ನೀನು ಯಾವತ್ತೂ ನೋಡಿರಲ್ಲ, ಬಂದೋಗು” ಎಂದು ಅಕ್ಕ ಹೇಳಿಕಳಿಸಿದ್ದಳು. ನಿಮ್ಮ ತಾತ ನನ್ನನ್ನು ಹೆಂಗಸರ ಡಬ್ಬಿಗೆ ಹತ್ತಿಸಿ, ಕಿಟಕಿಯ ಹತ್ತಿರ ನಿಂತು, “ಚಾಂಪಿಯನ್ ಅಂತ ಬೋರ್ಡಿರ್ತದೆ. ಓದಿ ಇಳಿ. ಯಾರನ್ನಾದ್ರೂ ಕೇಳು ಅಂದ್ರೆ ನೀನು ಕೇಳಲ್ಲ, ಕೊನೇ ಸ್ಟೇಷನ್ ಮಾರಿಕುಪ್ಪಕ್ಕೇ ಓಗ್ಬಿಡ್ತೀಯ” ಎಂದರು. ನಾನು ಬೋರ್ಡು ಓದಿಯೇ ಇಳಿದೆ.

ಒಂದು ಗಂಟೆಯೂ ಆಗದ ದಾರಿ. ಆದರೆ ಇಳಿದರೆ ಬೇರೆ ದೇಶ. ಬೆಟ್ಟದ ಹಾಗೆ ಸುರಿದ ಬಿಳೀ ಮಣ್ಣಿನ ದಿಬ್ಬಗಳು, ಅದರ ಪಕ್ಕದಲ್ಲಿ ಆಕಾಶಕ್ಕೆ ಏರಿದ ಕಬ್ಬಿಣದ ಗೋಪುರ, ಅದರ ತುದಿಯಲ್ಲಿ ಸುತ್ತುವ ಚಕ್ರ. ಕೂಲಿಯವರ ಮನೆಗಳು ಸಾಲುಸಾಲಾಗಿ ಇದ್ದವು. ಅದಕ್ಕೆ ಲೈನು ಎನ್ನುತ್ತಿದ್ದರು. ಬಿದಿರು ತಟ್ಟಿಯ ಗೋಡೆ, ಮೇಲೆ ತಗಡು. ಒಂದು ಮನೆಯಲ್ಲಿ ಕೆಮ್ಮಿದರೆ ಮೂರನೆಯ ಮನೆಯವರು “ಕಷಾಯ ಕುಡಿ” ಎನ್ನುತ್ತಿದ್ದರು, ತಮಿಳಿನಲ್ಲೋ ತೆಲುಗಿನಲ್ಲೋ. ನಡುನಡುವೆ ನೆಲದೊಳಗೆ ಬಂಡೆ ಸಿಡಿದು ಭೂಮಿ ಗುಡುಗುಡು ಎಂದು ಅಲುಗುತ್ತಿತ್ತು. ಗೂಡಿನಲ್ಲಿಟ್ಟ ಲೋಟಗಳು ಮಾತಾಡಿಕೊಳ್ಳುತ್ತಿದ್ದವು. ಬಂದ ದಿನ ನಾನು ಹೆದರಿ ಕಂಬ ಹಿಡಿದುಕೊಂಡೆ. ಅಕ್ಕ ರಾಗಿ ಮುದ್ದೆ ತೊಳಸುವುದನ್ನು ನಿಲ್ಲಿಸಿ ಒಂದು ಗಳಿಗೆ ಕಿವಿಗೊಟ್ಟು, ಮತ್ತೆ ತೊಳಸಿದಳು. ಗಣಿಯ ಸೈರನ್ನಿಗೆ ಅಲ್ಲಿ ಸಂಗು ಎನ್ನುತ್ತಿದ್ದರು; ಅಪಾಯದ ಸಂಗು ಕೂಗದಿದ್ದರೆ ಏನೂ ಆಗಿಲ್ಲವೆಂದು ಲೆಕ್ಕ. ಶಿಫ್ಟು ಬಿಡುವುದಕ್ಕೂ ಅದೇ ಸಂಗು ಕೂಗುತ್ತಿತ್ತು, ಆದರೆ ಅದು ಒಂದೇ ಉದ್ದನೆಯ ಕೂಗು.

ಆ ಸಂಜೆ ಅಕ್ಕ ದೊರಸಾನಿಯ ವಿಷಯ ಹೇಳಿದಳು. ದೊರೆ ಇಂಗ್ಲೆಂಡಿನವರು, ಆದರೆ ದೊರಸಾನಿ ಗ್ರೀಕರ ಒಂದು ದ್ವೀಪದವರು. ಎರಡನೆಯ ಮಹಾಯುದ್ಧ ಮುಗಿದ ಕಾಲದಲ್ಲಿ ಆದ ಮದುವೆ. ಇಡೀ ಗಣಿಯಲ್ಲಿ ಅವರ ಮಾತು ಆಡುವವರು ಇನ್ನೊಬ್ಬರಿರಲಿಲ್ಲ. ಹೋದ ಮಳೆಗಾಲ ಅವರ ಮಗಳಿಗೆ, ಐದಾರು ವರ್ಷದ ಹುಡುಗಿಗೆ, ಟೈಫಾಯಿಡ್ ಬಂದು ಉಳಿಯುವುದೇ ಇಲ್ಲ ಎನ್ನುವಂತಾಗಿತ್ತಂತೆ. ಕೂದಲೆಲ್ಲ ತೆಗೆಸಿದ್ದರು. ಆಗ ಆ ತಾಯಿ ಒಂದು ಹರಕೆ ಹೊತ್ತರು. ಮಗು ಎದ್ದು ಕೂತರೆ, ನಮ್ಮೂರ ಹಬ್ಬವನ್ನು ಇಲ್ಲಿ ಮಾಡುತ್ತೇನೆ, ಸುತ್ತಲಿನ ಮನೆಯವರನ್ನೆಲ್ಲ ಕರೆದು ಊಟ ಹಾಕುತ್ತೇನೆ, ಮಗುವೇ ಸಾಲಿನ ಮುಂದೆ ನಿಂತು ಕುಣಿಯುತ್ತದೆ, ನೆರೆಹೊರೆಯವರು ಅದರ ಹಿಂದೆ ಕುಣಿಯುತ್ತಾರೆ ಎಂದು. ಅವರ ಊರಲ್ಲಿ ಹಾಗಂತೆ.

“ಬೇರೆ ದೊರೆಗಳನ್ನ ಕರೆದ್ರೆ ಆಗಲ್ವಾ?” ಎಂದು ಕೇಳಿದೆ.

“ಅವ್ರು ಬಂದು ಕುರ್ಚೀಲಿ ಕೂತ್ಕೋತಾರೆ. ನೆರೆಹೊರೆ ಅಂದ್ರೆ ನಾವೇ ಅಂತ ಇವ್ರು. ಜನ ಬರ್ದೆ ಓದ್ರೆ ಅರಕೆ ತೀರಲ್ಲ, ಜ್ವರ ತಿರ್ಗಿ ಬತ್ತದೆ ಅಂತ ಎದರ್ಕೊಂಡವ್ರೆ. ಒಂದೂವರೆ ತಿಂಗಳಿಂದ ಮಾಂಸ, ಮೊಟ್ಟೆ, ಆಲು, ಮೊಸ್ರು, ಒಂದೂ ಮುಟ್ಟಿಲ್ಲ.” ಅಕ್ಕ ದನಿ ತಗ್ಗಿಸಿದಳು. “ಲೈನಲ್ಲಿ ನಾನು ಈಸ್ಟರ್ ಊಟ ಅಂತ ಮಾತ್ರ ಏಳಿದ್ದೀನಿ. ಬಂಗಲೆ ಒಳಗಿನ ಮಾತು ಆಯಾ ಆದವ್ಳು ಈಚೆ ಆಡ್ಬಾರ್ದು. ನೀನೂ ಆಡ್ಬೇಡ.”

ನನಗೆ ಹೇಳಬೇಕಾದ ಮಾತೇ ಅಲ್ಲ ಅದು.

ಮಾರನೆಯ ದಿನ ಶನಿವಾರ. ಭಾವ ನಸುಕಿನಲ್ಲೇ ಮೊದಲ ಶಿಫ್ಟಿಗೆ ಹೋದರು. ಬಂಗಲೆಯಲ್ಲಿ ರೊಟ್ಟಿ ಸುಡುವುದಿದೆ ಎಂದು ಅಕ್ಕನೂ ಜೊತೆಗೇ ಹೊರಟಳು. ಬೆಳಕಾದ ಮೇಲೆ ನಾನು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡೋಣವೆಂದು ಕದ ತೆಗೆದೆ. ಹೊಸಿಲ ಮೇಲೆ ಒಂದು ಮೊಟ್ಟೆ ಇತ್ತು.

ಬಿಳಿಯದಲ್ಲ. ಕುಂಕುಮದಲ್ಲಿ ಅದ್ದಿ ತೆಗೆದಂತೆ ಕಡುಗೆಂಪು. ಮೇಲೆ ಎಣ್ಣೆ ಸವರಿ ಮಿರಮಿರ ಹೊಳೆಯುತ್ತಿತ್ತು.

ಚಿನ್ನು, ಪುಟ್ಟಿ, ನಿಮಗೆ ಇದರಲ್ಲಿ ಏನಿದೆ ಎನ್ನಿಸಬಹುದು. ನಮ್ಮ ಕಡೆ ಮೂರುದಾರಿ ಕೂಡುವಲ್ಲಿ ಕುಂಕುಮ ಹಚ್ಚಿದ ಮೊಟ್ಟೆ ಕಂಡರೆ ಎತ್ತುಗಳನ್ನೂ ಬಳಸಿ ಹೊಡೆದುಕೊಂಡು ಹೋಗುತ್ತಿದ್ದರು. ಅದು ಯಾರೋ ಮಾಟ ಮಾಡಿಸಿ ಇಟ್ಟದ್ದು, ಇಲ್ಲವೇ ಯಾರ ಮೈಮೇಲಿನದನ್ನೋ ಇಳಿ ತೆಗೆದು ಬಿಸಾಡಿದ್ದು. ದಾಟಿದವರಿಗೆ ಅಂಟಿಕೊಳ್ಳುತ್ತದೆ. ಅದು ದಾರಿಯಲ್ಲಿದ್ದರೇ ಹಾಗೆ, ಇನ್ನು ಹೊಸಿಲ ಮೇಲಿದ್ದರೆ? ರಂಗೋಲಿ ಡಬ್ಬಿ ಹಿಡಿದುಕೊಂಡು ನಾನು ಒಳಗೇ ನಿಂತೆ. ಕೂಗಲು ದನಿ ಇಲ್ಲ, ದಾಟಲು ಧೈರ್ಯವಿಲ್ಲ.

ಕೂಗುವ ಕೆಲಸವನ್ನು ಬೇರೆಯವರು ಮಾಡಿದರು. ಲೈನಿನ ಒಂದೊಂದೇ ಬಾಗಿಲು ತೆರೆಯಿತು, ಒಂದೊಂದೇ ಹೊಸಿಲಿನಿಂದ ಕೂಗೆದ್ದಿತು. ಎಲ್ಲರ ಹೊಸಿಲ ಮೇಲೂ ಒಂದೊಂದು ಮೊಟ್ಟೆ.

ಲೈನಿಗೆಲ್ಲ ಹಿರಿಯವಳು ಒಬ್ಬಳು ತೆಲುಗಿನ ಮುದುಕಿ. ಎಲ್ಲರೂ ಅವಳನ್ನು ಅವ್ವ ಎನ್ನುತ್ತಿದ್ದರು. ಮಗ ಸುರಂಗದಲ್ಲಿ, ಗಂಡ ಸುರಂಗದಲ್ಲೇ ಹೋದವನು. ಅವ್ವ ಮೊರದಲ್ಲಿ ಬೇವಿನ ಸೊಪ್ಪು ಹಾಸಿಕೊಂಡು, ಪೊರಕೆಯಿಂದ ಮೊಟ್ಟೆಗಳನ್ನು ಮುಟ್ಟದೆ ತಳ್ಳಿಕೊಳ್ಳುತ್ತಾ ಮನೆ ಮನೆಗೂ ಬಂದಳು.

“ಯಾರಿಟ್ಟಿದ್ದು ಅಂತ ಗೊತ್ತಾ ಅವ್ವ?” ಎಂದಳು ಎದುರು ಮನೆಯ ಹೆಂಗಸು. ಅವಳು ತಮಿಳಿನ ಕ್ರೈಸ್ತರವಳು. ಕನ್ನಡವನ್ನು ತಮಿಳಿನ ರಾಗದಲ್ಲಿ ಆಡುತ್ತಿದ್ದಳು. “ಬಂಗಲೆ ಮಾಲಿ ಬುಟ್ಟಿ ಇಡ್ಕೊಂಡು ಓಗಿದ್ದು ನಾನೇ ನೋಡ್ದೆ. ಆ ಗಿರೀಕು ದೊರಸಾನಿ ಬಂಗಲೆ.”

“ಅಂಗಾದ್ರೆ ಸರಿ ಓಯ್ತು,” ಎಂದಳು ಅವ್ವ. “ಮಗೂಗೆ ಬಂದಿದ್ದ ಕಾಯ್ಲೇನ ಇಳಿ ತೆಗ್ದು ನಮ್ ಒಸಲಿಗೆ ಆಕವ್ಳೆ. ಒಂದೊಂದು ಮನೆಗೆ ಒಂದೊಂದು ಪಾಲು. ಅದಕ್ಕೇ ಊಟಕ್ಕೆ ಕರ್ದಿದ್ದು.”

“ಏನೋ ಈಸ್ಟರ್ ಅಂದ್ರು. ಈಸ್ಟರ್ ಮುಗ್ದು ಎಷ್ಟೋ ದಿನ ಆಯ್ತಲ್ಲ, ನಾನು ಇಡಿಯಪ್ಪ ಮಾಡಿ ಈ ಲೈನಿಗೆಲ್ಲ ಕೊಡ್ಲಿಲ್ವಾ? ಇವ್ರದ್ಯಾವ ಈಸ್ಟರ್?”

“ಈಸ್ಟರೂ ಇಲ್ಲ, ಗೀಸ್ಟರೂ ಇಲ್ಲ. ನಮ್ ಗಂಡಸ್ರು ದಾಟ್ಕೊಂಡು ಓದ್ರೋ, ಓದ್ಮೇಲೆ ಇಟ್ರೋ, ಅದನ್ನ ಏಳ್ರೇ ಮೊದ್ಲು.”

ಎಲ್ಲರೂ ತಿರುಗಿ ಗೋಪುರದ ಚಕ್ರದ ಕಡೆ ನೋಡಿದರು. ಅದರ ಕೆಳಗೆ, ನೆಲದಾಳದಲ್ಲಿ, ಅವರ ಗಂಡಂದಿರೂ ಮಕ್ಕಳೂ ಇದ್ದರು. ಅವ್ವ ಮೊರವನ್ನು ನಲ್ಲಿಯ ಪಕ್ಕದ ಕಟ್ಟೆಯ ಮೇಲಿಟ್ಟಳು. ಗಂಡಸರು ಮೇಲೆ ಬಂದ ನಂತರ, ಹೊತ್ತು ಮುಳುಗಿದ ಮೇಲೆ ಮೂರುದಾರಿಗೆ ಹಾಕಬೇಕು, ಹಗಲಲ್ಲಿ ಹಾಕಬಾರದು ಎಂದಳು. ನಾಳೆ ಬಂಗಲೆಗೆ ಒಬ್ಬರೂ ಹೋಗಕೂಡದು ಎಂದೂ ಹೇಳಿದಳು.

ಮಧ್ಯಾಹ್ನ ಅಕ್ಕ ಊಟಕ್ಕೆ ಬಂದಾಗ ಒಬ್ಬರೂ ಅವಳನ್ನು ಮಾತಾಡಿಸಲಿಲ್ಲ. ಮನೆಯೊಳಗೆ ಬಂದು ನನ್ನಿಂದ ವಿಷಯ ತಿಳಿದು ಕುಸಿದು ಕೂತಳು. ಕೆಂಪು ಮೊಟ್ಟೆ ಅವರ ಹಬ್ಬದ್ದಂತೆ. ನಾವು ಯುಗಾದಿಗೆ ಬೇವು ಬೆಲ್ಲ ಕೊಡುವ ಹಾಗೆ. ದೊರಸಾನಿ ಕೈಯಾರೆ ಬಣ್ಣ ಹಾಕಿ, ಎಣ್ಣೆಯಲ್ಲಿ ಒರೆಸಿ, ಒಬ್ಬೊಬ್ಬರ ಕೈಗೂ ಕೊಟ್ಟು, ನಾಳೆ ಬರುವಾಗ ಇದನ್ನು ತರಬೇಕು, ಆಟವಿದೆ ಎಂದು ಹೇಳಿ ಬರಲು ಮಾಲಿಯನ್ನು ಕಳಿಸಿದ್ದರು. ಅವನು ಅಷ್ಟು ಬಾಗಿಲು ಬಡಿದು ಅಷ್ಟು ಸಲ ಅದೇ ಮಾತು ಹೇಳುವ ಬದಲು ಹೊಸಿಲ ಮೇಲಿಟ್ಟು ಹೋಗಿದ್ದ.

ಅಕ್ಕ ಎದ್ದು ನಲ್ಲಿಯ ಹತ್ತಿರ ಹೋದಳು. ನಾನು ಬಾಗಿಲಲ್ಲಿ ನಿಂತು ಕೇಳಿದೆ.

“ಅದು ಅವ್ರ ಅಬ್ಬದ ಮೊಟ್ಟೆ ಅವ್ವ. ಬೇಯಿಸಿದ್ದು. ತಿನ್ನೋದು.”

“ನೀನು ಅವ್ರ ಮನೆ ಉಪ್ಪು ತಿನ್ನೋಳು. ಇನ್ನೇನು ಏಳ್ತೀಯ?”

“ನಾನ್ಯಾಕೆ ಸುಳ್ಳು ಏಳ್ಲಿ?”

“ಸುಳ್ಳಂತ ಅನ್ಲಿಲ್ಲ. ನಿಂಗೂ ಮಂಕು ಕವಿಸವ್ರೆ ಅಂದೆ.”

ಎದುರು ಮನೆಯ ಹೆಂಗಸು ಕೊಡ ತಿರುಗಿಸಿಕೊಂಡು, “ಅಷ್ಟೊಂದು ಒಳ್ಳೇದಾಗಿದ್ರೆ ಕೈಲಿ ಕೊಡ್ಬೇಕಾಗಿತ್ತು. ಕದ್ದು ಯಾಕೆ ಇಡ್ಬೇಕು?” ಎಂದಳು. ಹರಕೆಯ ಮಾತು ಅಕ್ಕನ ತುಟಿಯವರೆಗೆ ಬಂದು ನಿಂತಿರುವುದು ನನಗೆ ಕಾಣಿಸುತ್ತಿತ್ತು. ಕೊನೆಗೂ ಆಡಲಿಲ್ಲ. ಬಂಗಲೆಗೆ ಹೋಗಿ ನಾಳೆ ಯಾರೂ ಬರುವುದಿಲ್ಲ ಎಂದು ಹೇಳಬೇಕಲ್ಲ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಆಮೇಲೆ ನಾನು ಮಾಡಿದ್ದನ್ನು ಯೋಚಿಸಿ ಮಾಡಲಿಲ್ಲ. ಅಕ್ಕ ಹೇಳಿದ್ದು ನಿಜವೆಂದು ನನಗೆ ಗೊತ್ತಿತ್ತು. ಅದನ್ನು ಹೇಳುವ ಬಾಯಿ ನನಗಿರಲಿಲ್ಲ. ಬಾಗಿಲಿನಿಂದ ಇಳಿದು ನಲ್ಲಿಯವರೆಗೆ ನಡೆದೆ. ಮೊರದೊಳಗೆ ಕೈ ಹಾಕಿ ಒಂದು ಮೊಟ್ಟೆ ತೆಗೆದುಕೊಂಡೆ. ಕಟ್ಟೆಯ ಅಂಚಿಗೆ ತಟ್ಟಿ, ಸುಲಿದು, ಬಾಯಿಗೆ ಹಾಕಿಕೊಂಡೆ. ಉಪ್ಪಿಲ್ಲದ ಬೇಯಿಸಿದ ಮೊಟ್ಟೆ, ಗಂಟಲಲ್ಲಿ ಇಳಿಯದು. ಕಣ್ಣಲ್ಲಿ ನೀರು ಬಂತು. ಸುತ್ತ ಹೆಂಗಸರು ಕೊಡಗಳನ್ನು ಹಿಡಿದುಕೊಂಡು ನಿಂತಿದ್ದರು, ನಲ್ಲಿಯ ನೀರು ಸುಮ್ಮನೆ ಹರಿದುಹೋಗುತ್ತಿತ್ತು.

ಮೊದಲು ಬಾಯಿ ಬಂದದ್ದು ಅವ್ವನಿಗೆ.

“ಇವತ್ತು ಶನಿವಾರ ಕಣೇ,” ಎಂದಳು.

ಆಗ ನನಗೆ ಜ್ಞಾಪಕವಾಯಿತು. ಗಂಡನ ಮನೆಯಲ್ಲಿ ತಿಮ್ಮಪ್ಪನ ಒಕ್ಕಲು, ಶನಿವಾರ ಒಪ್ಪೊತ್ತು. ಅದುವರೆಗೆ ನಾನೂ ಬೆಳಿಗ್ಗೆಯಿಂದ ಬರೀ ನೀರಲ್ಲಿದ್ದೆ. ಒಪ್ಪೊತ್ತು ಬಿಟ್ಟದ್ದು ಮೊಟ್ಟೆಯಲ್ಲಿ.

“ಶನಿವಾರ ಮೊಟ್ಟೆ ತಿಂದ್ಯಲ್ಲೇ. ನಿಮ್ ಮನೆ ದೇವ್ರು ತಿಮ್ಮಪ್ಪ ಅಂತ ನಿಮ್ಮಕ್ಕ ಏಳ್ತಿದ್ಲು. ಅಯ್ಯೋ ದೇವುಡಾ, ನಿಮ್ಮತ್ತೆಗೆ ಏನಂತ ಏಳ್ತೀಯೇ?”

ಮಾಟವನ್ನು ಅವ್ವ ಮರೆತೇಬಿಟ್ಟಿದ್ದಳು. ಶನಿವಾರದ ಮುಂದೆ ಅದು ಸಣ್ಣದಾಗಿ ಕಂಡಿತ್ತು. ನನಗೂ ಹಾಗೇ ಕಂಡಿತು. ನಿಮ್ಮ ಮುತ್ತಜ್ಜಿಯ ಮುಖ ಕಣ್ಣ ಮುಂದೆ ಬಂದು, ಆ ಹೆದರಿಕೆಯಲ್ಲಿ ನನ್ನ ನಾಲಗೆ ಬಿಟ್ಟಿತು.

“ಅರಕೆ ಅವ್ವ,” ಎಂದೆ. “ಆ ಮಗೂ ಮೇಲಿನ ಅರಕೆ.”

ಅಕ್ಕ ನನ್ನ ಸೆರಗು ಎಳೆದಳು. ನಾನು ನಿಲ್ಲಿಸಲಿಲ್ಲ. ಜ್ವರ, ಕೂದಲು, ಒಂದೂವರೆ ತಿಂಗಳ ವ್ರತ, ಮಗು ಮುಂದೆ ನಿಂತು ಕುಣಿಯಬೇಕು, ನೆರೆಹೊರೆಯವರು ಹಿಂದೆ ಕುಣಿಯಬೇಕು, ಯಾರೂ ಬರದಿದ್ದರೆ ಹರಕೆ ನಿಂತುಹೋಗುತ್ತದೆ ಎಂದು ಎಲ್ಲವನ್ನೂ ಹೇಳಿದೆ. ಮೊಟ್ಟೆಯ ಸಿಪ್ಪೆ ಇನ್ನೂ ಕೈಯಲ್ಲೇ ಇತ್ತು. ಬೆರಳೆಲ್ಲ ಕೆಂಪಾಗಿತ್ತು.

ಅವ್ವ ಕಟ್ಟೆಯ ಮೇಲೆ ಕೂತಳು. “ಇದನ್ನ ಮೊದ್ಲೇ ಏಳೋಕೆ ನಿಮ್ಗೇನಾಗಿತ್ರೇ?” ಎಂದು ಅಕ್ಕನನ್ನು ಕೇಳಿದಳು. “ಬಿಳೀ ಜನವೋ ಕರೀ ಜನವೋ, ಒತ್ತ ಅರಕೆ ಒತ್ತದ್ದೇ. ಅದು ನಿಂತೋದ್ರೆ ಪಾಪ ಯಾರಿಗೆ? ಕರ್ದ್ರೂ ಬರ್ದೆ ಓದ ನಮಗೆ.”

ಹಾಗೆಂದು ತಕ್ಷಣ ಒಪ್ಪಿದಳು ಎಂದುಕೊಳ್ಳಬೇಡಿ. ಶಿಫ್ಟಿನ ಸಂಗು ಕೂಗಲಿ, ಗಂಡಸರು ಮೇಲೆ ಬರಲಿ, ಅಲ್ಲಿಯವರೆಗೆ ಈ ಹುಡುಗಿ ಏನಾಗುತ್ತಾಳೋ ನೋಡೋಣ ಎಂದಳು. ನನ್ನನ್ನು ಕಟ್ಟೆಯ ಮೇಲೆ, ಎಲ್ಲರಿಗೂ ಕಾಣುವಂತೆ ಕೂರಿಸಿದರು. ಲೈನಿನ ಹೆಂಗಸರು ಅಕ್ಕಿ ಆರಿಸುವ ನೆಪದಲ್ಲಿ, ಮಗುವಿಗೆ ಹೇನು ನೋಡುವ ನೆಪದಲ್ಲಿ ಸುತ್ತ ಕೂತು ನನ್ನ ಮುಖವನ್ನೇ ನೋಡಿದರು. ನಾಲ್ಕು ಜನ ನೋಡಿದರೆ ಬೆವರುವವಳು ನಾನು. ಅಂದು ಇಡೀ ಲೈನು ನೋಡಿತು. ಬೆವರಿದ್ದು ಕಂಡು ಎದುರು ಮನೆಯವಳು “ಬೆವರ್ತಾವ್ಳೆ, ಬೆವರ್ತಾವ್ಳೆ” ಎಂದು ಓಡಿಹೋಗಿ ಉಪ್ಪು ಮೆಣಸಿನಕಾಯಿ ತಂದು ನಿವಾಳಿಸಿದಳು. ನಾನು ಒಂದು ಸಲ ಬಿಕ್ಕಳಿಸಿದಾಗ ಮೂವರು ಎದ್ದು ನಿಂತರು.

ಸಂಗು ಕೂಗಿತು, ಒಂದೇ ಉದ್ದನೆಯ ಕೂಗು. ಸ್ವಲ್ಪ ಹೊತ್ತಿಗೆ ಮೈತುಂಬ ಬಂಡೆಯ ಧೂಳು ಮೆತ್ತಿಕೊಂಡ ಗಂಡಸರು ಊಟದ ಡಬ್ಬಿ ಕುಲುಕಿಸಿಕೊಂಡು ಬಂದರು. ಹೋದವರೆಲ್ಲ ಬಂದರು. ಅವ್ವ ಮಗನ ತಲೆಯಿಂದ ಕಾಲಿನವರೆಗೆ ನೋಡಿ, ಮೊರ ಎತ್ತಿಕೊಂಡು, ಮತ್ತೆ ಮನೆ ಮನೆಗೂ ಹೋಗಿ ಒಂದೊಂದು ಮೊಟ್ಟೆ ವಾಪಸು ಕೊಟ್ಟಳು. ಈ ಸಲ ಕೈಯಿಂದ ಮುಟ್ಟಿ ಕೊಟ್ಟಳು.

“ಬತ್ತೀವಿ ಅಂತ ಏಳು ನಿಮ್ ದೊರಸಾನಿಗೆ,” ಎಂದಳು ಅಕ್ಕನಿಗೆ. “ಆ ಮಾಲಿ ಮಾತ್ರ ನಾಳೆ ನನ್ ಕಣ್ಣಿಗೆ ಬೀಳ್ಬಾರ್ದು.”

ಭಾನುವಾರ ಲೈನಿಗೆ ಲೈನೇ ಹೊರಟಿತು. ಆಂಡರ್ಸನ್‌ಪೇಟೆಯಿಂದ ತರಿಸಿದ ಕನಕಾಂಬರ ಎಲ್ಲರ ತಲೆಯಲ್ಲೂ ಇತ್ತು. ದಾರಿಯಲ್ಲಿ ಎದುರು ಮನೆಯವಳು ಈಸ್ಟರ್ ಮುಗಿದುಹೋಗಿದೆ ಎಂದು ಇನ್ನೂ ಗೊಣಗುತ್ತಿದ್ದಳು. “ನಮ್ ಯುಗಾದಿ ಆದ್ಮೇಲೆ ತಾನೇ ನೀವು ತಮಿಳರು ವರ್ಸ ಉಟ್ಟಿತು ಅಂತ ಪಾಯ್ಸ ಮಾಡೋದು? ನಾವು ಬಂದು ಉಣ್ಣಲ್ವಾ? ಅಂಗೇ ಇದೂ, ಸುಮ್ನೆ ನಡಿ” ಎಂದಳು ಅವ್ವ.

ದೊರಸಾನಿ ಗೇಟಿನಲ್ಲೇ ನಿಂತಿದ್ದರು. ತೆಳ್ಳನೆಯ ಕಪ್ಪುಗೂದಲ ಹೆಂಗಸು, ನಮ್ಮ ಕಡೆಯವರಿಗೆ ಬಿಳೀ ಬಣ್ಣ ಬಂದ ಹಾಗೆ. “ವಾಂಗೊ, ವಾಂಗೊ” ಎಂದು ಬಟ್ಲರ್‌ನಿಂದ ಕಲಿತ ತಮಿಳಿನಲ್ಲಿ ಕರೆದರು. ಒಬ್ಬೊಬ್ಬರ ಕೈ ಹಿಡಿದು ತಮ್ಮ ಭಾಷೆಯಲ್ಲಿ ಒಂದು ಮಾತು ಹೇಳುತ್ತಿದ್ದರು. ದೇವರು ಸತ್ತು ಮತ್ತೆ ಎದ್ದ ಎಂದು ಅದರ ಅರ್ಥವೆಂದು ಅಕ್ಕ ಹೇಳಿದಳು. ಎದುರು ಮನೆಯವಳು ಅದನ್ನು ಕೇಳಿ ಶಿಲುಬೆ ಹಾಕಿಕೊಂಡು, “ನಮ್ ದೇವ್ರೇ ಕಣಕ್ಕಾ. ಇವ್ರ ಊರಲ್ಲಿ ಸ್ವಲ್ಪ ತಡವಾಗಿ ಎದ್ದವ್ನೆ” ಎಂದಳು. ಆಮೇಲೆ ಅವಳ ಗೊಣಗಾಟ ನಿಂತಿತು.

ಎಂಥ ಹಬ್ಬ ಅದು. ಅಂಗಳದ ಮಧ್ಯೆ ಸೀಬೆ ಮರ. ಅದರಾಚೆ ತೋಡಿದ ಗುಂಡಿಯಲ್ಲಿ ಕೆಂಡ. ಕೆಂಡದ ಮೇಲೆ ಕಬ್ಬಿಣದ ಸಲಾಕೆಗೆ ಒಂದು ಇಡೀ ಟಗರನ್ನು ಏರಿಸಿ, ದೊರೆ ತಾವೇ ತೋಳು ಮಡಿಸಿ ತಿರುಗಿಸುತ್ತಿದ್ದರು. “ಕುರೀನೇ ತಾನೇ?” ಎಂದು ಅವ್ವ ಕೇಳಿ, ಪಕ್ಕದಲ್ಲಿ ಒಣಗಲು ಹಾಕಿದ್ದ ಚರ್ಮ ನೋಡಿದ ಮೇಲೆಯೇ ಕೂತಳು. ಜಡೆ ಹೆಣೆದ ಹಾಗೆ ಹೆಣೆದ ರೊಟ್ಟಿ ಇತ್ತು, ಜಡೆಯ ನಡುವೆ ಕೆಂಪು ಮೊಟ್ಟೆ ಕೂರಿಸಿದ್ದರು, ಕಿತ್ತಳೆ ಸಿಪ್ಪೆಯ ವಾಸನೆ. ಮೊದಲು ಬಟ್ಟಲಲ್ಲಿ ಸಾರು ಕೊಟ್ಟರು. ಎಲ್ಲರೂ ಮೂಸಿ ನೋಡಿ, ಒಂದು ಗುಟುಕು ಕುಡಿದು, ಒಬ್ಬರ ಮುಖ ಒಬ್ಬರು ನೋಡಿದರು.

“ಬೋಟಿ ಸಾರಲ್ವೇನೇ ಇದು?”

“ಬೋಟೀನೇ. ಸಬ್ಸಿಗೆ ಸೊಪ್ಪು ಆಕವ್ರೆ, ನಿಂಬೆ ಇಂಡವ್ರೆ.”

“ಖಾರ ಮರ್ತವ್ರೆ ಪಾಪ.”

ಮೊಟ್ಟೆಯ ಆಟವೂ ಆಯಿತು. ಒಬ್ಬರ ಮೊಟ್ಟೆಯ ತುದಿಗೆ ಇನ್ನೊಬ್ಬರು ತುದಿಯಿಂದ ಕುಟ್ಟುವುದು. ಒಡೆಯದೆ ಉಳಿದವರಿಗೆ ವರ್ಷವೆಲ್ಲ ಒಳ್ಳೆಯದಾಗುತ್ತದೆ. ನನ್ನದು ಹಿಂದಿನ ದಿನವೇ ಹೊಟ್ಟೆಗೆ ಹೋಗಿದ್ದರಿಂದ ದೊರಸಾನಿ ಬೇರೆ ಕೊಟ್ಟರು. ಮೊದಲ ಏಟಿಗೇ ಒಡೆಯಿತು. ಅವ್ವ ತನ್ನ ಮೊಟ್ಟೆಯನ್ನು ಬೆರಳುಗಳಲ್ಲಿ ಮುಚ್ಚಿ ತುದಿ ಮಾತ್ರ ಬಿಟ್ಟುಕೊಂಡು, ದೊರೆಯದನ್ನೂ ಸೇರಿಸಿ ಎಲ್ಲರದನ್ನೂ ಒಡೆದಳು. ದೊರೆ ನಕ್ಕು ಟೋಪಿ ತೆಗೆದರು. “ಇವ್ರೂ ಆಡೋಕೆ ಬರ್ದೋರೇ” ಎಂದಳು ಅವ್ವ ತೆಲುಗಿನಲ್ಲಿ.

ದೊರಸಾನಿ ಮಾತ್ರ ಏನೂ ತಿನ್ನಲಿಲ್ಲ. ಕುಣಿತ ಮುಗಿಯದೆ ತಿನ್ನುವುದಿಲ್ಲ ಎಂದು ಅಕ್ಕ ಪಿಸುಗುಟ್ಟಿದಳು.

ಜಗಲಿಯ ಮೇಲೆ ಗ್ರಾಮಫೋನು ಇಟ್ಟು ಕೀಲಿ ಕೊಟ್ಟರು. ತಂತಿಯ ವಾದ್ಯ, ಒಂದೇ ಸಮನೆ ಮೀಟುವಂಥದ್ದು. ಮೊದಲು ನಿಧಾನ, ಬರುಬರುತ್ತಾ ಜೋರು. ಆ ಹುಡುಗಿಯನ್ನು ಕರೆತಂದರು. ಬಿಳೀ ಗೌನು, ತಲೆಯ ಮೇಲೆ ಆಗತಾನೇ ಬೆರಳುದ್ದ ಬೆಳೆದ ಕೂದಲು. “ತಿರುಪತೀಲಿ ಮುಡಿ ಕೊಟ್ಟ ಮಗೂ ತರ ಅದೆ” ಎಂದಳು ಅವ್ವ, ಮೆಲ್ಲಗೆ. ಹುಡುಗಿಯ ಬಲಗೈಯಲ್ಲಿ ಒಂದು ಕರವಸ್ತ್ರ, ಗಾಳಿಯಲ್ಲಿ ಬೀಸಲು. ಎಡಗೈ ಹಿಡಿಯಲು ಒಬ್ಬರು ಬೇಕು. ಹೆಂಗಸರು ನೀನು ಹೋಗು ನೀನು ಹೋಗು ಎಂದು ತಳ್ಳಾಡಿದರು.

“ಮೊಟ್ಟೆ ತಿಂದೋಳು ಮುಂದಕ್ಕೆ ಓಗ್ಲಿ,” ಎಂದಳು ಅವ್ವ.

ಹೀಗೆ ನಿಮ್ಮ ಅಜ್ಜಿ ಇಡೀ ಲೈನಿನ ಮುಂದೆ ನಿಂತಳು. ಮಗುವಿನ ಕೈ ನನ್ನ ಕೈಯಲ್ಲಿ, ನನ್ನ ಇನ್ನೊಂದು ಕೈ ಅವ್ವನ ಕೈಯಲ್ಲಿ, ಅವಳದ್ದು ಎದುರು ಮನೆಯವಳ ಕೈಯಲ್ಲಿ, ಹಾಗೇ ಸಾಲು. ಎಲ್ಲರ ಕೊನೆಗೆ ದೊರಸಾನಿ. ಪಕ್ಕಕ್ಕೆ ಹೆಜ್ಜೆ, ಕಾಲ ಹಿಂದೆ ಕಾಲು, ಇನ್ನೊಂದು ಹೆಜ್ಜೆ, ಒಂದು ಸಣ್ಣ ನೆಗೆತ, ಸ್ವಲ್ಪ ಹಿಂದಕ್ಕೆ. ನನ್ನ ಸೀರೆಯ ನೆರಿಗೆ ಕಾಲಿಗೆ ಸುತ್ತಿಕೊಂಡಿತು. ಮಗು ನನ್ನನ್ನು ನೋಡಿ, ನನ್ನ ಕಾಲು ನೋಡಿ, ಮೇಷ್ಟ್ರ ಹಾಗೆ ಹುಬ್ಬು ಗಂಟಿಕ್ಕಿತು. ಆಮೇಲೆ ನಾನು ಅದರ ಪಾದಗಳನ್ನೇ ನೋಡುತ್ತಾ ಹೆಜ್ಜೆ ಹಾಕಿದೆ. ಯಾರು ನನ್ನನ್ನು ನೋಡುತ್ತಿದ್ದಾರೆ ಎಂಬುದೇ ಮರೆತುಹೋಯಿತು. ಸೀಬೆ ಮರವನ್ನು ಒಂದು ಸುತ್ತು ಬಂದು ಮುಗಿಸಿದರೆ ಹರಕೆ ತೀರಿದಂತೆ. ನಡುವೆ ಕೈ ಬಿಡಕೂಡದು.

ಅರ್ಧ ಸುತ್ತು ಬಂದಿದ್ದೆವೋ ಏನೋ, ಕಾಲ ಕೆಳಗೆ ಭೂಮಿ ಗುಡುಗಿತು.

ಜಗಲಿಯ ಮೇಲೆ ಗ್ರಾಮಫೋನಿನ ಮುಳ್ಳು ಜಾರಿ ಕಿರ್ರೆಂದಿತು, ಹಾಡು ನಿಂತಿತು. ಮೇಜಿನ ಮೇಲಿನ ತಟ್ಟೆಗಳು ಸ್ವಲ್ಪ ಹೊತ್ತು ಅಲುಗಾಡಿ ಸುಮ್ಮನಾದವು. ನಾವೆಲ್ಲ ನಿಂತಲ್ಲೇ ನಿಂತು ಸಂಗಿಗೆ ಕಿವಿಗೊಟ್ಟೆವು. ಭಾನುವಾರವೂ ಕೆಳಗೆ ಕೆಲವರು ಇರುತ್ತಿದ್ದರು. ಸಂಗು ಕೂಗಲಿಲ್ಲ. ನಾನು ತಿರುಗಿ ಸಾಲಿನ ಕೊನೆಗೆ ನೋಡಿದೆ. ದೊರಸಾನಿಯ ಮುಖದಲ್ಲಿ ರಕ್ತವಿರಲಿಲ್ಲ. ಹರಕೆಯ ಹಾಡು ನಡುವೆ ನಿಂತಿತಲ್ಲ, ದೇವರು ಬೇಡವೆಂದ ಎಂದುಕೊಂಡಿದ್ದರು. ಅವರ ಕೈ ಬೆರಳುಗಳು ಸಡಿಲವಾಗುತ್ತಿದ್ದವು.

“ಕೈ ಬಿಡ್ಬೇಡ್ರೇ,” ಎಂದಳು ಅವ್ವ. ದೊಡ್ಡ ದನಿಯಲ್ಲೇನೂ ಅಲ್ಲ. “ಭೂಮಿ ದಿನಾ ಅಲುಗ್ತದೆ. ಅವ್ರ ಕೈ ಗಟ್ಟಿಯಾಗಿ ಇಡ್ಕೊಳ್ರೇ ಆ ಕಡೆಯೋರು.”

ಹೇಳಿ, ಹಾಡಲು ಶುರುಮಾಡಿದಳು. ಪೈರು ನಾಟುವಾಗ ತೆಲುಗು ಹೆಂಗಸರು ಹಾಡುವ ಹಾಡು, ಬಗ್ಗಿ ಎದ್ದು ಬಗ್ಗಿ ಎದ್ದು ಹಾಡುವಂಥದ್ದು. ಎಪ್ಪತ್ತು ದಾಟಿದ ಗಂಟಲು, ಒಡೆದ ದನಿ. ಕೊನೆಯ ಸೊಲ್ಲನ್ನು ಅಕ್ಕ ಹಿಡಿದಳು, ತೆಲುಗು ಬಂದವರು ಬರದವರು ಎಲ್ಲರೂ ಹಿಡಿದರು. ಕೈ ಬಿಡುವಂತಿರಲಿಲ್ಲವಾದ್ದರಿಂದ ತಮಿಳಿನ ಹೆಂಗಸರು ತಮ್ಮ ಕುಮ್ಮಿ ಕುಣಿತದ ಚಪ್ಪಾಳೆಯನ್ನು ಕಾಲಲ್ಲೇ ಹೊಡೆದರು. ಮಗು ನನ್ನನ್ನು ನೋಡಿತು. ನಾನು ಹೆಜ್ಜೆ ಹಾಕಿದೆ, ಪಕ್ಕಕ್ಕೆ, ಕಾಲ ಹಿಂದೆ ಕಾಲು. ಆ ಹಾಡಿಗೆ ಈ ಹೆಜ್ಜೆ ಎಲ್ಲಿ ಕೂಡುತ್ತದೆ? ಸ್ವಲ್ಪ ದೂರ ಕೂಡಲಿಲ್ಲ. ಆಮೇಲೆ ಹೇಗೋ ಕೂಡಿತು. ಮಗು ಕರವಸ್ತ್ರ ಎತ್ತಿತು. ಸೀಬೆ ಮರದ ಈ ಕಡೆಗೆ ಬಂದೆವು, ಶುರುಮಾಡಿದ ಜಾಗ ದಾಟಿದೆವು, ಅವ್ವ ಇನ್ನೂ ಹಾಡುತ್ತಿದ್ದಳು, ಇನ್ನೊಂದು ಸುತ್ತು ಹೋದೆವು.

ನಿಂತ ಮೇಲೆ ದೊರಸಾನಿ ಓಡಿಬಂದು ಮಗುವನ್ನು ಎತ್ತಿಕೊಂಡರು. ಎತ್ತಿಕೊಂಡು ಅದರ ತಲೆಯ ಮೇಲೆ ಥೂ ಥೂ ಥೂ ಎಂದು ಮೂರು ಸಲ ಉಗಿದ ಹಾಗೆ ಮಾಡಿದರು. ಅದೇ ಗಳಿಗೆಯಲ್ಲಿ ಅವ್ವ ಮಗುವಿನ ಕೆನ್ನೆ ನೀವಿ, ತನ್ನ ಹಣೆಯ ಪಕ್ಕಕ್ಕೆ ಬೆರಳು ಮಡಿಸಿ ನೆಟಿಗೆ ಮುರಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

“ಅವ್ರಲ್ಲೂ ದಿಷ್ಟಿ ಅದೆ,” ಎಂದು ಅವ್ವ ನಮ್ಮ ಕಡೆ ತಿರುಗಿ ಹೇಳಿದಳು, ತುಂಬ ಸಮಾಧಾನವಾದವಳ ಹಾಗೆ.

ದೊರಸಾನಿ ಜಗಲಿಯ ಮೆಟ್ಟಿಲ ಮೇಲೆ ಕೂತರು. ಅಕ್ಕ ತಟ್ಟೆಯಲ್ಲಿ ರೊಟ್ಟಿ, ಮಾಂಸ ತಂದು ಕೊಟ್ಟಳು. ಅವರು ಅಳುತ್ತಲೇ ತಿಂದರು, ಹಸಿದ ಹೆಂಗಸು ತಿನ್ನುವ ಹಾಗೆ, ಬೆರಳು ನೆಕ್ಕಿಕೊಂಡು. ನಾವೂ ಅವರ ಕೆಳಗಿನ ಮೆಟ್ಟಿಲುಗಳಲ್ಲಿ ಕೂತು ಎರಡನೆಯ ಸಲ ಉಂಡೆವು.

ಊರಿಗೆ ಬಂದು ಅತ್ತೆಗೆ ಶನಿವಾರದ ಮೊಟ್ಟೆಯ ವಿಷಯ ನಾನೇ ಹೇಳಿದೆ. ಅವರು “ಇನ್ನೊಬ್ರ ಅರಕೆಗೆ ತಿಂದಿದ್ದೀಯ. ಬರೋ ಶನಿವಾರ ನೀರೂ ಕುಡೀದಂಗೆ ಇರು, ಸರಿಯೋಗ್ತದೆ” ಎಂದರು. ಇದ್ದೆ. ನಿಮ್ಮ ತಾತ ಒಂದು ವಾರ ನನ್ನನ್ನು ದೊರಸಾನಿ ಎಂದೇ ಕರೆದರು. ಒಂದು ಸಂಜೆ ಹಿತ್ತಲಲ್ಲಿ ಯಾರೂ ಇಲ್ಲದಾಗ, ಹೇಗೆ ಕುಣಿದೆ ತೋರಿಸು ಎಂದರು. ತೋರಿಸಿದೆ. ಕೈ ಹಿಡಿಯಲು ಒಬ್ಬರು ಬೇಕಲ್ಲ, ಅವರೂ ಹಿಡಿದರು.

ಗಣಿ ಸರ್ಕಾರಕ್ಕೆ ಸೇರಿದ ಕಾಲದಲ್ಲಿ ಆ ದೊರೆ ಸಂಸಾರ ಹಡಗು ಹತ್ತಿ ಹೋಯಿತು. ಹೋಗುವವರೆಗೆ ಆ ಹುಡುಗಿಗೆ ಮತ್ತೆ ಜ್ವರ ಬರಲಿಲ್ಲವೆಂದು ಅಕ್ಕ ಹೇಳುತ್ತಿದ್ದಳು. ಈಗ ಅಕ್ಕ ಇಲ್ಲ, ಅವ್ವ ಎಂದೋ ಹೋದಳು, ಆ ಲೈನಿನ ತಟ್ಟಿ ಮನೆಗಳೂ ಇಲ್ಲ. ಆ ಮಗು ನಿಮ್ಮ ಅಮ್ಮನಿಗಿಂತ ದೊಡ್ಡವಳಾಗಿ ಎಲ್ಲೋ ಇರಬಹುದು. ಐದಾರು ವರ್ಷದ ಮಗುವಿಗೆ ನೆನಪು ಎಷ್ಟಿರುತ್ತದೆ? ತನ್ನ ತಾಯಿ ಹೊತ್ತ ಹರಕೆ ಪೂರ್ತಿ ತೀರಿತು, ನಡುವೆ ಒಬ್ಬರೂ ಕೈ ಬಿಡಲಿಲ್ಲ ಎಂಬುದು ಅವಳಿಗೆ ತಿಳಿದಿದೆಯೋ ಇಲ್ಲವೋ. ಕಣ್ಣಾರೆ ಕಂಡವರಲ್ಲಿ ಉಳಿದವಳು ನಾನೊಬ್ಬಳೇ ಇರಬೇಕು. ಅದಕ್ಕೇ ಇಷ್ಟು ಬರೆದದ್ದು. ಈ ಹಾಳೆಗಳನ್ನು ಅಡುಗೆಮನೆಯ ಗೂಡಿನಲ್ಲಿ ಇಡಬೇಡಿ, ಜಿರಳೆ ತಿನ್ನುತ್ತದೆ. ನಿಮ್ಮ ಬಟ್ಟೆಯ ಬೀರುವಿನಲ್ಲಿ, ಮೇಲಿನ ಖಾನೆಯಲ್ಲಿ, ಮಡಿಸದೆ ಇಟ್ಟುಕೊಳ್ಳಿ.